ಗೇರ್ ಬೀಳೂತನಕ ತಾಳ್ರಿ: ಭಾರಿ ಲಾರಿ ಕಲಿಯುವವರ ಪ್ರಶ್ನೆಗಳಿಗೆ ಉತ್ತರ

ಸಣ್ಣ ಗಾಡಿಯಿಂದ ಭಾರಿ ಲಾರಿಗೆ ಬಂದವರು, ಕ್ಲೀನರ್ ಕೆಲಸದಿಂದ ಸ್ಟೇರಿಂಗಿಗೆ ಬರುತ್ತಿರುವವರು ಕಳಿಸಿದ ಗೇರಿನ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಸರ್, ಟೆಂಪೊ ಚಲೋ ಹೊಡಿತೀನ್ರಿ. ಈಗ ಹತ್ತು ಗಾಲಿ ಲಾರಿ ಕಲಿಯಾಕತ್ತೀನಿ. ಏರಿಸುವಾಗ ಗೇರ್ ಸರಳ ಬೀಳ್ತಾವು, ನಾಕರಿಂದ ಮೂರಕ್ಕ ಇಳಿಸುವಾಗ ಮಾತ್ರ ಕರಕರ ಅಂತೈತಿ. ನಮ್ಮ ಉಸ್ತಾದರು ಡಬಲ್ ಕ್ಲಚ್ ಹೊಡಿ ಅಂತಾರ, ಮಾಲಕರು ಈಗಿನ ಗಾಡಿಗೆ ಅದು ಬೇಕಾಗಿಲ್ಲ ಅಂತಾರ. ಯಾರ ಮಾತು ಖರೆ?
— ಓದುಗರು, ರಾಣೆಬೆನ್ನೂರು

ಉತ್ತರ: ಏರಿಸುವಾಗ ಮಾಲಕರ ಮಾತು ಖರೆ, ಇಳಿಸುವಾಗ ಉಸ್ತಾದರ ಮಾತು ಖರೆ.

ಈಗಿನ ಲಾರಿಗಳ ಗೇರ್‌ಬಾಕ್ಸಿನಲ್ಲಿ ಸಿಂಕ್ರೊ ರಿಂಗ್ ಇರುತ್ತದೆ. ಹಲ್ಲು ಕೂಡುವ ಮೊದಲು ಎರಡೂ ಕಡೆಯ ವೇಗವನ್ನು ತಿಕ್ಕಿ ಸಮ ಮಾಡುವುದು ಅದರ ಕೆಲಸ. ಟೆಂಪೊದಲ್ಲಿ ಅದು ತಿರುಗಿಸಬೇಕಾದ ಭಾರ ಕಡಿಮೆ, ಗೇರ್ ಥಟ್ಟನೆ ಬೀಳುತ್ತದೆ. ಹತ್ತು ಗಾಲಿ ಗಾಡಿಯ ಕ್ಲಚ್ ಪ್ಲೇಟೇ 380ರಿಂದ 430 ಮಿಲಿಮೀಟರ್ ಅಗಲ. ಆ ಪ್ಲೇಟು, ಇನ್‌ಪುಟ್ ಶಾಫ್ಟು, ಕೌಂಟರ್ ಶಾಫ್ಟು ಎಲ್ಲವನ್ನೂ ಆ ರಿಂಗೇ ಹೊಸ ವೇಗಕ್ಕೆ ತರಬೇಕು. ಅದಕ್ಕೆ ಅರ್ಧದಿಂದ ಒಂದು ಸೆಕೆಂಡ್ ಹಿಡಿಯುತ್ತದೆ, ಚಳಿಗಾಲದ ಬೆಳಿಗ್ಗೆ ಆಯಿಲ್ ಗಟ್ಟಿಯಾಗಿದ್ದರೆ ಇನ್ನೂ ತುಸು ಹೆಚ್ಚು. ಅಷ್ಟು ಹೊತ್ತು ಕಾಯದೆ ಲಿವರನ್ನು ಗುದ್ದಿದರೆ ರಿಂಗ್ ಸವೆಯುತ್ತದೆ. ಅದು ಸವೆದ ಮೇಲೆ ಕಾದರೂ ಕರಕರ ನಿಲ್ಲುವುದಿಲ್ಲ.

ಏರಿಸುವಾಗ ಶಾಫ್ಟಿನ ವೇಗ ಇಳಿಯಬೇಕು. ಆಯಿಲ್ ಮತ್ತು ತಿಕ್ಕಾಟದಿಂದ ಅದು ತಾನಾಗಿಯೇ ಇಳಿಯುತ್ತಿರುತ್ತದೆ, ಆದ್ದರಿಂದ ಒಂದೇ ಕ್ಲಚ್ ಸಾಕು. ಇಳಿಸುವಾಗ ಅದೇ ಶಾಫ್ಟಿನ ವೇಗ ಏರಬೇಕು, ಅದು ತಾನಾಗಿ ಏರುವುದಿಲ್ಲ. ಎಷ್ಟು ಏರಬೇಕು ಅನ್ನುವುದಕ್ಕೆ ಲೆಕ್ಕವಿದೆ. ಮೂರನೇ ಗೇರಿನ ಅನುಪಾತ 2.5, ನಾಲ್ಕನೆಯದು 1.6 ಎಂದಿಟ್ಟುಕೊಳ್ಳಿ. ನಾಲ್ಕರಲ್ಲಿ 1,600 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಇರುವಾಗ ಮೂರಕ್ಕೆ ಹಾಕಿದರೆ ಎಂಜಿನ್ 2,500ಕ್ಕೆ ಹೋಗಬೇಕು. ಬಹಳಷ್ಟು ಲಾರಿ ಎಂಜಿನ್ನುಗಳಿಗೆ ಅದು ಕೆಂಪು ಗೆರೆಯ ಹತ್ತಿರದ ಮಾತು. ಅದೇ ಗಾಡಿ ನಿಧಾನವಾಗಿ, ನಾಲ್ಕರಲ್ಲಿ ಮುಳ್ಳು 1,100ಕ್ಕೆ ಇಳಿದ ಮೇಲೆ ಹಾಕಿದರೆ ಸುಮಾರು 1,700 ಸಾಕು. ನಿಮ್ಮ ಕರಕರಕ್ಕೆ ಮುಖ್ಯ ಕಾರಣ ಅವಸರ ಇರಬಹುದು. ಗಾಡಿಯ ವೇಗ ಇಳಿಯುವ ಮೊದಲೇ ಗೇರ್ ಇಳಿಸುತ್ತಿದ್ದೀರಿ.

ಡಬಲ್ ಕ್ಲಚ್ ಹೀಗೆ: ಕ್ಲಚ್ ಒತ್ತಿ ಲಿವರ್ ನ್ಯೂಟ್ರಲ್‌ಗೆ ತನ್ನಿ. ಕ್ಲಚ್ ಬಿಡಿ. ಬಿಟ್ಟ ಮೇಲೆ ರೇಸ್ ಕೊಟ್ಟು ಮುಳ್ಳನ್ನು 1,700ರ ಹತ್ತಿರ ಒಯ್ಯಿರಿ. ಮತ್ತೆ ಕ್ಲಚ್ ಒತ್ತಿ ಮೂರಕ್ಕೆ ಹಾಕಿ. ಎಲ್ಲ ಸೇರಿ ಎರಡು ಸೆಕೆಂಡಿನ ಕೆಲಸ. ಕಲಿಯುವವರು ತಪ್ಪುವುದು ನಡುವಿನ ಹೆಜ್ಜೆಯಲ್ಲಿ: ಕ್ಲಚ್ ಒತ್ತಿಕೊಂಡೇ ರೇಸ್ ಕೊಡುತ್ತಾರೆ. ಆಗ ಎಂಜಿನ್ನಷ್ಟೇ ಕೂಗುತ್ತದೆ. ಕ್ಲಚ್ ಬಿಟ್ಟಿದ್ದರೆ ಮಾತ್ರ ಆ ರೇಸ್ ಗೇರ್‌ಬಾಕ್ಸಿನ ಶಾಫ್ಟಿಗೆ ಮುಟ್ಟುತ್ತದೆ. ಏರಿನಲ್ಲಿ ಈ ಎರಡು ಸೆಕೆಂಡಿನಲ್ಲೇ ಗಾಡಿಯ ವೇಗ ಬೀಳುವುದರಿಂದ ರೇಸ್ ನೂರೋ ಇನ್ನೂರೋ ಕಡಿಮೆ ಸಾಕು.

ಲಿವರನ್ನು ಮುಷ್ಟಿಯಲ್ಲಿ ಬಿಗಿಹಿಡಿಯಬೇಡಿ. ಅಂಗೈ ಆನಿಸಿ ಒಂದೇ ಸಮ ಒತ್ತಿ. ವೇಗ ಸಮವಾದ ಕ್ಷಣ ಲಿವರ್ ತಾನೇ ಒಳಗೆ ಜಾರುವುದು ಕೈಗೆ ಗೊತ್ತಾಗುತ್ತದೆ. ಗೇರ್ ಬಿದ್ದ ಮೇಲೆ ಕೈ ಸ್ಟೇರಿಂಗಿಗೆ ಹೋಗಬೇಕು. ಲಿವರ್ ಮೇಲೆ ಕೈ ಊರಿಕೊಂಡು ಕೂತರೆ ಒಳಗಿನ ಶಿಫ್ಟ್ ಫೋರ್ಕ್ ಸವೆಯುತ್ತದೆ.

ಇನ್ನೊಂದು ಮಾತು. ಬ್ಯಾಡಗಿ ಮೆಣಸಿನಕಾಯಿ ಲೋಡಿಗೂ ಅದಿರಿನ ಲೋಡಿಗೂ ಗೇರ್ ಒಂದೇ ತರಹ ಹಾಕಲು ಬರುವುದಿಲ್ಲ. ಹತ್ತು ಗಾಲಿ ಗಾಡಿಗೆ ಲೋಡ್ ಸೇರಿ 28.5 ಟನ್‌ವರೆಗೆ ಅನುಮತಿ ಇದೆ. ಅಷ್ಟು ತೂಕವಿದ್ದಾಗ ಒಂದರಿಂದಲೇ ಎತ್ತಬೇಕು, ಗೇರ್ ಹಾರಿಸಬಾರದು. ಖಾಲಿ ಗಾಡಿಯನ್ನು ಸಪಾಟು ರಸ್ತೆಯಲ್ಲಿ ಎರಡರಿಂದ ಎತ್ತಬಹುದು. ಮೆಣಸಿನಕಾಯಿ ಚೀಲ ಹಗುರ, ಆದರೆ ಲೋಡ್ ಎತ್ತರ. ತಿರುವಿನ ನಡುವೆ ಗೇರ್ ಬದಲಿಸಿ ಗಾಡಿ ಜಗ್ಗಿದರೆ ಮೇಲಿನ ಚೀಲ ವಾಲುತ್ತವೆ, ಅದಕ್ಕೇ ತಿರುವಿಗೆ ಮೊದಲೇ ಗೇರ್ ಇಳಿಸಿಕೊಳ್ಳಿ. ಕಲಿಯಲು ಖಾಲಿ ಗಾಡಿ, ಪಕ್ಕದಲ್ಲಿ ಭಾರಿ ಲೈಸೆನ್ಸ್ ಇರುವ ಚಾಲಕ, ಅಣ್ಣಿಗೇರಿ ಕಡೆಯಂಥ ಸಪಾಟು ರಸ್ತೆ, ಸಂದಣಿ ಇಲ್ಲದ ಹೊತ್ತು ಒಳ್ಳೆಯದು.

ಪ್ರಶ್ನೆ: ನಮ್ಮದು ಒಂಬತ್ತು ಗೇರಿನ ಟಿಪ್ಪರ್ ರೀ. ನಾಕರಿಂದ ಐದಕ್ಕ ಹಾಕುವಾಗ ಒಮ್ಮೊಮ್ಮೆ ಗೇರ್ ಸಿಗೂದಿಲ್ಲ, ಗಾಡಿ ನ್ಯೂಟ್ರಲ್‌ನ್ಯಾಗ ಉಳಿತೈತಿ. ಬೆಳಿಗ್ಗೆ ಈ ತ್ರಾಸು ಜಾಸ್ತಿ.
— ಓದುಗರು, ಗದಗ

ಉತ್ತರ: ಬೆಳಿಗ್ಗೆ ಜಾಸ್ತಿ ಎಂದಿರಲ್ಲ, ಮೊದಲು ಗಾಳಿ ಟ್ಯಾಂಕಿನ ಒತ್ತಡ ನೋಡಿ. ಒಂಬತ್ತು ಗೇರ್ ಎಂದರೆ ಒಂದು ಕ್ರಾಲರ್ (ಎಲ್ಲಕ್ಕಿಂತ ನಿಧಾನದ ಗೇರ್), ನಾಲ್ಕು ಕೆಳಗಿನವು, ನಾಲ್ಕು ಮೇಲಿನವು. ಕೆಳಗಿನ ರೇಂಜಿನಿಂದ ಮೇಲಿನ ರೇಂಜಿಗೆ ಬದಲಿಸುವುದು ಗೇರ್‌ಬಾಕ್ಸಿನ ಹಿಂಬದಿಯ ಗಾಳಿ ಸಿಲಿಂಡರು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಗಾಳಿ ಇಳಿದಿರುತ್ತದೆ. ಸ್ಟಾರ್ಟ್ ಮಾಡಿ ಗಾಳಿ ಮೀಟರಿನ ಮುಳ್ಳು 7-8 ಬಾರ್ ಮುಟ್ಟುವವರೆಗೆ ಹೊರಡಬೇಡಿ. ಬ್ರೇಕಿಗೂ ಅದೇ ಗಾಳಿ.

ಗಾಳಿ ಸರಿಯಿದ್ದೂ ಹೀಗಾದರೆ ಕೈಯ ರೀತಿ ನೋಡಿ. ರೇಂಜ್ ಬದಲಾಗುವುದು ಲಿವರ್ ನ್ಯೂಟ್ರಲ್‌ನಲ್ಲಿ ಇದ್ದಾಗ ಮಾತ್ರ. ಲಿವರನ್ನೇ ಪಕ್ಕಕ್ಕೆ ತಳ್ಳುವ ಮಾದರಿ ನಿಮ್ಮದಾದರೆ, ನಾಲ್ಕರಿಂದ ನ್ಯೂಟ್ರಲ್‌ಗೆ ತಂದು, ಸ್ಪ್ರಿಂಗಿನ ತಡೆ ದಾಟುವಂತೆ ಅಂಗೈಯಿಂದ ಬಲಕ್ಕೆ ಒಮ್ಮೆ ಗಟ್ಟಿಯಾಗಿ ತಳ್ಳಿ. ಅಲ್ಲಿ ಒಂದು ಸೆಕೆಂಡ್ ತಾಳಿ. ಹಿಂದೆ ಟಪ್ ಎಂಬ ಸಪ್ಪಳವೋ ಪುಸ್ ಎಂಬ ಗಾಳಿಯ ಸಪ್ಪಳವೋ ಬಂದ ಮೇಲೆ ಐದಕ್ಕೆ ಹಾಕಿ. ಅರೆಮನಸ್ಸಿನಿಂದ ತಳ್ಳಿದರೆ ವಾಲ್ವ್ ಅರ್ಧ ತೆರೆದು ರೇಂಜ್ ನಡುವೆ ನಿಲ್ಲುತ್ತದೆ. ಗಾಡಿ ನ್ಯೂಟ್ರಲ್‌ನಲ್ಲಿ ಉಳಿಯುವುದಕ್ಕೆ ಇದೇ ಸಾಮಾನ್ಯ ಕಾರಣ. ಲಿವರಿನ ಗುಂಡಿಯಲ್ಲಿ ಸ್ವಿಚ್ ಇರುವ ಮಾದರಿಯಾದರೆ ಸ್ವಿಚ್ಚನ್ನು ಮೊದಲೇ ಒತ್ತಿಟ್ಟು ಆಮೇಲೆ ಲಿವರ್ ಸರಿಸಿ.

ನ್ಯೂಟ್ರಲ್‌ನಲ್ಲಿ ಉಳಿದುಬಿಟ್ಟರೆ ಗಾಬರಿಯಿಂದ ಸಿಕ್ಕ ಗೇರಿಗೆ ಒತ್ತಬೇಡಿ. ಐದರ ವೇಗದಲ್ಲಿ ಓಡುತ್ತಿರುವ ಗಾಡಿಗೆ ಕೆಳಗಿನ ರೇಂಜ್ ಬಿದ್ದರೆ ರೇಂಜಿನ ಸಿಂಕ್ರೊ ಸುಡುತ್ತದೆ, ಆ ರಿಪೇರಿಗೆ ಗೇರ್‌ಬಾಕ್ಸೇ ಇಳಿಯಬೇಕು. ಎಂಟರಿಂದ ಐದರವರೆಗೆ ಇಳಿಸುತ್ತ ಬಂದು, ನಾಲ್ಕರಲ್ಲಿ ಎಷ್ಟು ವೇಗ ಓಡುತ್ತದೋ ಅದಕ್ಕಿಂತ ಕೆಳಗೆ ಬಂದ ಮೇಲೆಯೇ ರೇಂಜ್ ಇಳಿಸಿ. ಕ್ರಾಲರಿಗೆ ಬಹಳ ಗೇರ್‌ಬಾಕ್ಸುಗಳಲ್ಲಿ ಸಿಂಕ್ರೊ ಇರುವುದಿಲ್ಲ, ಗಾಡಿ ಪೂರಾ ನಿಂತಾಗಲೇ ಹಾಕಬೇಕು.

ಇಷ್ಟಾದರೂ ಸರಿಹೋಗದಿದ್ದರೆ ಎಂಜಿನ್ ಬಂದ್ ಮಾಡಿ, ಗಾಲಿಗೆ ಅಡ್ಡಗಲ್ಲು ಕೊಟ್ಟು, ಗೇರ್‌ಬಾಕ್ಸಿನ ಹತ್ತಿರ ಕಿವಿಗೊಡಿ. ಸುಂಯ್ ಎಂದು ಸತತ ಗಾಳಿ ಸೋರುತ್ತಿದ್ದರೆ ಪೈಪ್, ವಾಲ್ವ್ ಅಥವಾ ಸಿಲಿಂಡರ್ ಸೀಲ್ ಹೋಗಿದೆ. ಗಾಳಿ ಟ್ಯಾಂಕಿನ ಡ್ರೇನ್ ಬಿಟ್ಟಾಗ ನೀರು ಬಂದರೆ ಏರ್ ಡ್ರೈಯರ್ ನೋಡಿಸಿ. ಆ ನೀರೇ ವಾಲ್ವನ್ನು ಹಿಡಿಯುವಂತೆ ಮಾಡುತ್ತದೆ.

ಪ್ರಶ್ನೆ: ಹುಬ್ಬಳ್ಳಿಯಿಂದ ಅಂಕೋಲಾ ಕಡೆ ಲೋಡ್ ಒಯ್ಯುತ್ತೇವೆ. ಅರಬೈಲ್ ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಎಂದು ಜೊತೆಯ ಚಾಲಕರು ಹೇಳುತ್ತಾರೆ. ಹೌದೇ?
— ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲ, ಡೀಸೆಲ್ಲೂ ಉಳಿಯುವುದಿಲ್ಲ. ಗೇರಿನಲ್ಲಿದ್ದು ಎಕ್ಸಿಲೇಟರಿನಿಂದ ಕಾಲು ತೆಗೆದರೆ ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಡೀಸೆಲ್ ಸಿಂಪಡಣೆ ಪೂರ್ತಿ ನಿಲ್ಲುತ್ತದೆ. ಹಳೆಯ ಪಂಪಿನ ಗಾಡಿಯಲ್ಲೂ ಗವರ್ನರ್ ಇದೇ ಕೆಲಸ ಮಾಡುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಉಸಿರಾಡಲಿಕ್ಕೇ ಡೀಸೆಲ್ ಬೇಕು. ಎಂಜಿನ್ನೇ ಬಂದ್ ಮಾಡುವವರಿದ್ದಾರೆ. ಆಗ ಕಂಪ್ರೆಸರ್ ನಿಂತು ಬ್ರೇಕಿನ ಗಾಳಿ ತುಂಬುವುದಿಲ್ಲ, ಪವರ್ ಸ್ಟೇರಿಂಗಿನ ಪಂಪೂ ನಿಲ್ಲುತ್ತದೆ. ಯಾರೇ ಹೇಳಲಿ, ಇದನ್ನು ಮಾಡಲೇಬೇಡಿ.

ಇಳಿಜಾರು ಶುರುವಾಗುವ ಮೊದಲೇ, ಸಪಾಟಿನಲ್ಲಿ, ಗೇರ್ ನಿರ್ಧರಿಸಿ. ಅದೇ ಲೋಡಿನಲ್ಲಿ ಅದೇ ಘಟ್ಟ ಹತ್ತಲು ಬೇಕಾಗುವ ಗೇರೇ ಇಳಿಯಲೂ ಬೇಕು. ಅನುಮಾನವಿದ್ದರೆ ಇನ್ನೊಂದು ಕೆಳಗೆ. ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಎಂಜಿನ್ನಿನಿಂದಲೇ ಗಾಡಿಯನ್ನು ಹಿಡಿಯುವ ಬ್ರೇಕ್) ಹಾಕಿಕೊಳ್ಳಿ. ಆರ್‌ಪಿಎಂ ಏರಿದಷ್ಟೂ ಅದರ ಹಿಡಿತ ಹೆಚ್ಚು, ಆದರೆ ಮುಳ್ಳು ಕೆಂಪಿಗೆ ಹೋಗಬಾರದು. ಕೆಂಪಿನ ಹತ್ತಿರ ಬಂದಾಗ ಕಾಲು ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟುಬಿಡಿ. ಹಗುರವಾಗಿ ಒತ್ತಿಕೊಂಡೇ ಇದ್ದರೆ ಡ್ರಮ್ ಕಾಯ್ದು ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಕ್ಲಚ್ ಮುಟ್ಟಬೇಡಿ, ಕ್ಲಚ್ ಒತ್ತಿದೊಡನೆ ಎಂಜಿನ್ನಿನ ತಡೆ ಹೋಗುತ್ತದೆ. ಇಳಿಜಾರಿನ ನಡುವೆ ಗೇರ್ ಇಳಿಸಲು ಹೋದರೆ ನ್ಯೂಟ್ರಲ್‌ನಲ್ಲಿರುವ ಆ ಎರಡು ಸೆಕೆಂಡಿನಲ್ಲಿ ಗಾಡಿ ಓಟ ಹಿಡಿಯುತ್ತದೆ, ಕೆಳಗಿನ ಗೇರ್ ಬೀಳುವುದಿಲ್ಲ, ಮೇಲಿನದೂ ಸಿಗುವುದಿಲ್ಲ.

ಲೈನರ್ ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಗಾಲಿಗೆ ಅಡ್ಡಗಲ್ಲು ಕೊಡಿ. ಕಾಯ್ದ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ.

ಪ್ರಶ್ನೆ: ಕ್ಲಚ್ ಪ್ಲೇಟ್ ಬೇಗ ಬೇಗ ಹೋಗುತ್ತಿದೆ. ತಪ್ಪು ಕಾಲಿನದೋ ಗಾಡಿಯದೋ ತಿಳಿಯುವುದು ಹೇಗೆ?
— ಓದುಗರು, ಧಾರವಾಡ

ಉತ್ತರ: ಎರಡು ಪರೀಕ್ಷೆ ಸಾಕು. ಗಾಡಿ ನಿಂತಿರುವಾಗ ಎಂಜಿನ್ ಐಡಲ್‌ನಲ್ಲಿಟ್ಟು ಕ್ಲಚ್ ಪೂರ್ತಿ ಒತ್ತಿ, ನಾಲ್ಕೈದು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಕರಕರ ಎಂದರೆ ಕ್ಲಚ್ ಪೂರಾ ಬಿಡಿಸುತ್ತಿಲ್ಲ. ಲೈನಿನಲ್ಲಿ ಗಾಳಿ ಸೇರಿರಬಹುದು, ಫ್ಲೂಯಿಡ್ ಕಡಿಮೆ ಇರಬಹುದು, ಬೂಸ್ಟರ್ ಸೋತಿರಬಹುದು. ಇನ್ನೊಂದು: ಲೋಡ್ ಗಾಡಿ ಏರು ಹತ್ತುವಾಗ ರೇಸ್ ಕೊಟ್ಟರೆ ಮುಳ್ಳು ಏರಿ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ.

ಎರಡೂ ಸರಿಯಿದ್ದು ಪ್ಲೇಟ್ ಹೋಗುತ್ತಿದ್ದರೆ ಕಾಲಿನ ಅಭ್ಯಾಸ ಬದಲಿಸಬೇಕು. ನವಲೂರಿನ ಏರಿನಲ್ಲಿ ಟ್ರಾಫಿಕ್ ನಿಂತಾಗ ಗಾಡಿಯನ್ನು ಹಾಫ್ ಕ್ಲಚ್ಚಿನಲ್ಲಿ ಹಿಡಿದು ನಿಲ್ಲಿಸಬೇಡಿ, ಹ್ಯಾಂಡ್ ಬ್ರೇಕ್ ಹಾಕಿ. ಹೊರಡುವಾಗ ಒಂದನೇ ಗೇರ್, ಕ್ಲಚ್ಚನ್ನು ನಿಧಾನ ಬಿಡುತ್ತ ಎಂಜಿನ್ ಸಪ್ಪಳ ತಗ್ಗಿ ಮೂತಿ ತುಸು ಎದ್ದ ಕೂಡಲೇ ಹ್ಯಾಂಡ್ ಬ್ರೇಕ್ ಬಿಡಿ. ಗಾಡಿ ಉರುಳಿದ ಮೇಲೆ ಕಾಲನ್ನು ಪೆಡಲ್ ಮೇಲಿಂದ ಪೂರ್ತಿ ತೆಗೆದು ನೆಲಕ್ಕೆ ಇಡಿ. ಪೆಡಲ್ ಮೇಲೆ ಊರಿದ ಕಾಲು ರಿಲೀಸ್ ಬೇರಿಂಗನ್ನೂ ತಿನ್ನುತ್ತದೆ.

ಪ್ರಶ್ನೆ: ನನಗೆ 19 ವರ್ಷ, ಕಾರಿನ ಲೈಸೆನ್ಸ್ ಇದೆ. ಲಾರಿ ಲೈಸೆನ್ಸಿಗೆ ಈಗಲೇ ಹಾಕಬಹುದೇ?
— ಓದುಗರು, ಹಾವೇರಿ

ಉತ್ತರ: ಇಲ್ಲ. ಸಾರಿಗೆ ವಾಹನಕ್ಕೆ 20 ವರ್ಷ ತುಂಬಿರಬೇಕು, ಕಾರಿನ ಲೈಸೆನ್ಸಿಗೆ ಕನಿಷ್ಠ ಒಂದು ವರ್ಷ ಆಗಿರಬೇಕು. ಆಗ ವೈದ್ಯರ ಪ್ರಮಾಣಪತ್ರ ನಮೂನೆ 1-ಎ, ಡ್ರೈವಿಂಗ್ ಸ್ಕೂಲಿನ ನಮೂನೆ 5 ಬೇಕಾಗುತ್ತದೆ. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ಗಾಡಿಯನ್ನು ಎಲ್‌ಎಂವಿ (ಹಗುರ ಮೋಟಾರು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ವಯಸ್ಸು ತುಂಬಿದ ಮೇಲೆ ಅಂಥ ಗಾಡಿಯಲ್ಲಿ ಮೊದಲು ಕೈ ಕುದುರಿಸಿಕೊಳ್ಳಿ. ಡ್ರೈವಿಂಗ್ ಸ್ಕೂಲ್ ಸೇರುವ ಮೊದಲು ಅಲ್ಲಿರುವ ಭಾರಿ ಗಾಡಿಗೆ ಎಷ್ಟು ಗೇರ್, ರೇಂಜ್ ಇದೆಯೋ ಇಲ್ಲವೋ, ಲೋಡ್ ಹಾಕಿ ಏರು-ಇಳಿಜಾರಿನಲ್ಲಿ ಕಲಿಸುತ್ತಾರೋ ಕೇಳಿ. ಖಾಲಿ ಗಾಡಿಯನ್ನು ಮೈದಾನದಲ್ಲಷ್ಟೇ ಸುತ್ತಿಸುವ ಕಡೆ ದುಡ್ಡು ಕಟ್ಟಬೇಡಿ.