ಐಎನ್‌ಐ ತಿದ್ದಿದರೂ ಆಟ ಬದಲಾಗದು, ಏಕೆ?

ಪ್ರಶ್ನೆ: 2002ರ ‘ಮೊರೊವಿಂಡ್’ ಆಟವನ್ನು ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಿದ್ದೇನೆ. ಮಾಡ್‌ಗಳಿಗಾಗಿ (ಆಟವನ್ನು ಬದಲಿಸಲು ಬೇರೆಯವರು ಬರೆದ ಸೇರ್ಪಡೆಗಳು) ಆಟದ ಸೆಟ್ಟಿಂಗ್ಸ್ ಇರುವ ಐಎನ್‌ಐ ಕಡತವನ್ನು ಎಷ್ಟು ಸಲ ತಿದ್ದಿದರೂ ಆಟ ಹಳೆಯ ಹಾಗೆಯೇ ನಡೆಯುತ್ತದೆ. ಏಕೆ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನೀವು ತಿದ್ದುತ್ತಿರುವುದು ಒಂದು ಕಡತ, ಆಟ ಓದುತ್ತಿರುವುದು ಇನ್ನೊಂದು. ವಿಂಡೋಸ್ ವಿಸ್ಟಾ ಬಂದಾಗಿನಿಂದ ಪ್ರೋಗ್ರಾಂ ಫೈಲ್ಸ್‌ನಲ್ಲಿ ಬರೆಯಲು ವಿಶೇಷ ಅನುಮತಿ ಬೇಕು. ಹಳೆಯ ಆಟಕ್ಕೆ ಅದು ತಿಳಿಯದು. ಅದು ಬರೆದದ್ದನ್ನೆಲ್ಲ ವಿಂಡೋಸ್ ಸದ್ದಿಲ್ಲದೆ ನಿಮ್ಮ ಬಳಕೆದಾರ ಖಾತೆಯ ಆಪ್‌ಡೇಟಾ ಫೋಲ್ಡರ್‌ನೊಳಗಿನ ವರ್ಚುವಲ್‌ಸ್ಟೋರ್ ಎಂಬ ಫೋಲ್ಡರ್‌ಗೆ ಸಾಗಿಸುತ್ತದೆ. ಮುಂದಿನ ಸಲ ಆಟದ ಕೈಗೆ ಸಿಗುವುದು ಅಲ್ಲಿನ ಪ್ರತಿಯೇ. ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ನಾನೂ ಒಂದು ಇಡೀ ಭಾನುವಾರ ಇದಕ್ಕಾಗಿ ತಡಕಾಡಿದ್ದೆ. ರಾತ್ರಿ ಆ ಫೋಲ್ಡರ್ ತೆರೆದಾಗ ಕಳೆದುಹೋದವೆಂದುಕೊಂಡ ಸೇವ್‌ಗಳೆಲ್ಲ (ಆಟದಲ್ಲಿ ಮುಟ್ಟಿದ ಹಂತ ಉಳಿಸಿಟ್ಟ ಕಡತಗಳು) ಅಲ್ಲಿ ಸಾಲಾಗಿ ಕುಳಿತಿದ್ದವು! ಆ ಸಮಾಧಾನ ಇನ್ನೂ ನೆನಪಿದೆ.

ಮೊದಲು ಅಲ್ಲಿಂದ ನಿಮ್ಮ ಸೇವ್‌ಗಳನ್ನು ನಕಲು ಮಾಡಿಟ್ಟುಕೊಳ್ಳಿ. ಆಮೇಲೆ ಡಿ ಡ್ರೈವ್‌ನಲ್ಲಿ ‘ಗೇಮ್ಸ್’ ಎಂಬ ಫೋಲ್ಡರ್ ಮಾಡಿ, ಆಟವನ್ನು ಅಲ್ಲಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಆಟಗಳನ್ನು ಮಾರುವ ಸ್ಟೀಮ್ ಆ್ಯಪ್‌ನಲ್ಲಿ ಕೊಂಡಿದ್ದರೆ, ಅದರ ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ಆ ಡ್ರೈವ್ ಸೇರಿಸಿ, ಆಟವನ್ನು ಅಲ್ಲಿ ಇನ್‌ಸ್ಟಾಲ್ ಮಾಡಿದರೆ ಸಾಕು. ಆಟವನ್ನು ಅಡ್ಮಿನಿಸ್ಟ್ರೇಟರ್ ಆಗಿ ನಡೆಸುವ ಅಡ್ಡದಾರಿಯನ್ನು ಮಾತ್ರ ಹಿಡಿಯಬೇಡಿ. ಅಪರಿಚಿತರು ಬರೆದ ಮಾಡ್‌ಗಳ ಕೈಗೆ ಇಡೀ ಕಂಪ್ಯೂಟರಿನ ಕೀಲಿಕೈ ಕೊಟ್ಟಂತಾಗುತ್ತದೆ.