ಚಿತ್ರದುರ್ಗ, ದಾವಣಗೆರೆ ಸುತ್ತ ಗುಡ್ಡ, ಕಾಡು, ತೋಟಗಳ ನಡುವೆ ಸದ್ದಿಲ್ಲದ ಸೈಕಲ್ ದಾರಿಗಳು ಇವೆಯೇ?

ದಾವಣಗೆರೆಗೆ ಹೊಸದಾಗಿ ವರ್ಗವಾಗಿ ಬಂದಿರುವ ನೀವು, ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಚಿತ್ರಗಳಲ್ಲಿ ಕಾಣುವಂತೆ ಒಂದು ಮಗ್ಗುಲಿಗೆ ಕಾಡುಗುಡ್ಡ, ಇನ್ನೊಂದು ಮಗ್ಗುಲಿಗೆ ದ್ರಾಕ್ಷಿತೋಟ ಇರುವ, ಲಾರಿಗಳ ಗದ್ದಲವಿಲ್ಲದ ಡಾಂಬರು ರಸ್ತೆ ಇಲ್ಲಿಯೂ ಸಿಗಬಹುದೇ ಎಂದು ಕೇಳಿದ್ದೀರಿ. ಗುಡ್ಡ, ಕಾಡು, ಖಾಲಿ ರಸ್ತೆ ಮೂರೂ ಸಿಗುತ್ತವೆ. ದ್ರಾಕ್ಷಿಯ ಜಾಗದಲ್ಲಿ ಅಡಿಕೆ, ತೆಂಗು, ದಾಳಿಂಬೆ ಇರುತ್ತವೆ. ನಾನು ಚಿತ್ರದುರ್ಗದವನು, ಹನ್ನೊಂದು ವರ್ಷಗಳಿಂದ ಈ ಎರಡು ಜಿಲ್ಲೆಗಳ ಹಳ್ಳಿರಸ್ತೆಗಳಲ್ಲಿ ಸೈಕಲ್ ತುಳಿಯುತ್ತಿದ್ದೇನೆ. ಇಲ್ಲಿ ಸವಾರನನ್ನು ಸುಸ್ತು ಮಾಡುವುದು ಏರಿಗಿಂತ ಹೆಚ್ಚಾಗಿ ಗಾಳಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ದಾರಿಯ ಆಯ್ಕೆಯೆಲ್ಲ ಅದರ ಮೇಲೆಯೇ ನಿಂತಿದೆ.

ನೀವು ಕೊಟ್ಟ ಹೋಲಿಕೆ ಮೇಲುನೋಟಕ್ಕೆ ಕಾಣುವುದಕ್ಕಿಂತ ಹತ್ತಿರದ್ದು. 1953ರಲ್ಲಿ ಗುರುತಿಸಲಾದ ಅಲ್ಸಾಸಿನ ದ್ರಾಕ್ಷಾರಸದ ಮಾರ್ಗವು ವೋಜ್ ಬೆಟ್ಟಸಾಲಿನ ಪೂರ್ವದ ತಪ್ಪಲಿನಲ್ಲಿ ಸುಮಾರು 170 ಕಿ.ಮೀ. ಸಾಗುತ್ತದೆ. ಪಶ್ಚಿಮದಿಂದ ಬರುವ ಮೋಡಗಳು ಬೆಟ್ಟದ ಆ ಬದಿಯಲ್ಲಿಯೇ ಸುರಿದುಹೋಗುವುದರಿಂದ ಈ ಬದಿಯ ಇಳಿಜಾರು ಒಣಹವೆಯಿಂದ ಕೂಡಿದ್ದು ದ್ರಾಕ್ಷಿಗೆ ಒಗ್ಗಿದೆ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಚಿತ್ರದುರ್ಗದ ಕಥೆಯೂ ಅದೇ. ಆದರೂ ದ್ರಾಕ್ಷಿತೋಟವೇ ಬೇಕೆಂದರೆ ನೀವು ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಕಡೆಗೆ, ನಂದಿಬೆಟ್ಟದ ತಪ್ಪಲಿಗೆ ಹೋಗಬೇಕಾಗುತ್ತದೆ. ಅಲ್ಲಿ ಬಹುಪಾಲು ಬಳ್ಳಿಗಳು ಕಲ್ಲುಕಂಬಗಳ ಮೇಲೆ ತಂತಿ ಬಿಗಿದ ಚಪ್ಪರಕ್ಕೆ ಹಬ್ಬಿರುವುದರಿಂದ, ಸೈಕಲ್ ಮೇಲಿನಿಂದ ನೋಡಿದರೆ ಆಳೆತ್ತರದಲ್ಲಿ ಹಸಿರು ಹಾಸಿದಂತೆ ಕಾಣುತ್ತದೆ. ನೋಡಲು ಚೆಂದವೇ, ಆದರೆ ಭಾನುವಾರದ ಬೆಳಗಿನ ನಂದಿ ರಸ್ತೆಯನ್ನು ಸದ್ದಿಲ್ಲದ್ದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಗಾಳಿಯ ವಿಷಯ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವ ಗಾಳಿ ಬಯಲಿನಲ್ಲಿ ಸೈಕಲ್ಲನ್ನು ಅಕ್ಷರಶಃ ಹಿಂದಕ್ಕೆ ನೂಕುತ್ತದೆ. ಚಿತ್ರದುರ್ಗದ ಸುತ್ತಣ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳನ್ನು, ಅಂದರೆ ನಮ್ಮ ಊರಿನವರ ಬಾಯಲ್ಲಿ ಫ್ಯಾನುಗಳನ್ನು, ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಅವುಗಳ ರೆಕ್ಕೆಗಳು ಯಾವಾಗಲೂ ಗಾಳಿ ಬರುವ ದಿಕ್ಕಿಗೆ ಮುಖಮಾಡಿ ತಿರುಗುತ್ತವೆ. ಹೊರಡುವ ಮುನ್ನ ನಾನು ಮೊಬೈಲ್ ನೋಡುವುದಿಲ್ಲ, ಮಹಡಿ ಹತ್ತಿ ಫ್ಯಾನು ಎತ್ತ ನೋಡುತ್ತಿದೆಯೆಂದು ನೋಡುತ್ತೇನೆ. ಕಾಲಿನಲ್ಲಿ ಕಸುವಿರುವಾಗ ಅದು ನೋಡುವ ದಿಕ್ಕಿಗೇ ಹೋಗಿ, ದಣಿದ ಮೇಲೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಮನೆಗೆ ಬರುವುದು ಜಾಣತನ. ಇದನ್ನು ತಿಳಿಯದ ಕಾಲದಲ್ಲಿ, ಹೋಗುವಾಗ ಹಾರಿಹೋಗಿ, ಬರುವಾಗ ಸಮತಟ್ಟಾದ ರಸ್ತೆಯಲ್ಲಿಯೇ ಇಳಿದು ತಳ್ಳಿಕೊಂಡು ಬಂದದ್ದುಂಟು.

ಕಾಡಿನ ದಾರಿಯೆಂದರೆ ನನ್ನ ಮಟ್ಟಿಗೆ ಜೋಗಿಮಟ್ಟಿ. ಚಿತ್ರದುರ್ಗದಿಂದ ಹತ್ತು ಕಿ.ಮೀ. ಆಸುಪಾಸಿನಲ್ಲಿರುವ ಈ ಗುಡ್ಡಕ್ಕೆ ಆಡುಮಲ್ಲೇಶ್ವರದ ಕಿರು ಮೃಗಾಲಯದ ಕಡೆಯಿಂದ ಹೋಗಬೇಕು. ದಾರಿ ಕಿರಿದಾದದ್ದು, ಏರು ಉದ್ದಕ್ಕೂ ಇದೆ, ತುದಿ ಹತ್ತಿರವಾದಂತೆ ಕಡಿದಾಗುತ್ತದೆ. ಅತಿ ಸಣ್ಣ ಗೇರ್ ಇಲ್ಲದ ಸೈಕಲ್ಲಿನಲ್ಲಿ ಹಟ ಹಿಡಿಯಬೇಡಿ. ಮೇಲಿನಿಂದ ಕೋಟೆಯ ಬಂಡೆಗುಡ್ಡಗಳು ಆಟಿಕೆಯಂತೆ ಕಾಣುತ್ತವೆ. ಇದು ವನ್ಯಧಾಮವಾದುದರಿಂದ ಅರಣ್ಯ ಇಲಾಖೆಯ ಗೇಟಿನಲ್ಲಿ ಕೇಳಿ, ಅವರು ಬಿಟ್ಟರೆ ಮಾತ್ರ, ಬಿಟ್ಟ ಹೊತ್ತಿನಲ್ಲಿ ಮಾತ್ರ ಹೋಗಿ. ಕರಡಿ, ಚಿರತೆಗಳ ನೆಲೆಯಿದು. ನಸುಕಿನಲ್ಲಿ ತಿರುವುಗಳಲ್ಲಿ ಸದ್ದಿಲ್ಲದೆ ಇಳಿದುಬರುವ ಸೈಕಲ್ಲು ಮರಿಗಳೊಂದಿಗಿರುವ ಕರಡಿಯನ್ನು ಬೆಚ್ಚಿಬೀಳಿಸಿದರೆ ಪರಿಣಾಮ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾನು ಇಳಿಯುವಾಗ ಪ್ರತಿ ತಿರುವಿನಲ್ಲಿಯೂ ಬೆಲ್ಲು ಬಾರಿಸುತ್ತೇನೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಮಾತ್ರ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಳಿದುಕೊಂಡು ಬರಬೇಡಿ, ಸೈಕಲ್ಲನ್ನು ಕಾರಿಗೆ ಹಾಕಿಕೊಂಡು ಬನ್ನಿ.

ತೋಟಗಳ ನಡುವಿನ ದಾರಿ ಬೇಕಾದರೆ ನಿಮ್ಮೂರಿನಿಂದಲೇ ಹೊರಡಬಹುದು. ದಾವಣಗೆರೆಯಿಂದ ಸಂತೇಬೆನ್ನೂರಿನ ಮೂಲಕ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರಕ್ಕೆ, ಅಂದರೆ ಸೂಳೆಕೆರೆಗೆ ಹೋಗುವ ದಾರಿಯಲ್ಲಿ ಮೆಕ್ಕೆಜೋಳದ ಹೊಲಗಳು ಹಿಂದೆ ಸರಿಯುತ್ತ ಅಡಿಕೆ ತೋಟಗಳು ಹೆಚ್ಚಾಗುತ್ತವೆ. ಮಳೆಗಾಲದಲ್ಲಿ ಗಾಳಿ ನೈಋತ್ಯದಿಂದಿದ್ದರೆ ಹೋಗುವಾಗ ಓರೆಯಾಗಿ ಎದುರುಗಾಳಿ, ಬರುವಾಗ ಬೆನ್ನುಗಾಳಿ. ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಸಂತೇಬೆನ್ನೂರಿನಲ್ಲಿ ಹದಿನಾರನೆಯ ಶತಮಾನದ ಪುಷ್ಕರಣಿಯ ಮೆಟ್ಟಿಲ ಮೇಲೆ ಕುಳಿತು, ನೀರಿನ ನಡುವಣ ಮಂಟಪವನ್ನು ನೋಡುತ್ತ ಬುತ್ತಿ ಬಿಚ್ಚಬಹುದು.

ಈ ದಾರಿಯಲ್ಲಿಯೇ ನನಗೆ ಬಳ್ಳಾರಿ ಜಾಲಿಯ ಪಾಠವಾದದ್ದು. ಬೇಲಿ ಸವರಿ ರಸ್ತೆಯಂಚಿಗೆ ಎಳೆದುಹಾಕಿದ್ದ ಜಾಲಿಯ ಮೇಲೆ ಹಿಂದಿನ ಚಕ್ರ ಹಾದು ಗಾಳಿ ಹೋಯಿತು. ಟ್ಯೂಬು ಬದಲಿಸಿ, ಗಾಳಿ ತುಂಬಿ, ಮುನ್ನೂರು ಮೀಟರ್ ಹೋಗುವಷ್ಟರಲ್ಲಿ ಹೊಸ ಟ್ಯೂಬೂ ಕುಸಿಯಿತು. ಮುಳ್ಳನ್ನು ಹೊರಗಿನಿಂದ ಕಿತ್ತಿದ್ದೆನಾದರೂ ಅದರ ಮೊನೆ ಮುರಿದು ಟೈರಿನೊಳಗೆ ಸಾಸಿವೆಯಷ್ಟು ಉಳಿದುಕೊಂಡಿತ್ತು. ಕಣ್ಣಿಗೆ ಕಾಣಲಿಲ್ಲ, ಒಳಮೈಯ ಮೇಲೆ ಬೆರಳಾಡಿಸಿದಾಗ ಚುಚ್ಚಿತು. ಹೊಲದಲ್ಲಿದ್ದ ಅಜ್ಜ ಸೊಂಟದ ಚೀಲದಿಂದ ಚಿಮಟ ತೆಗೆದು, ಕುರಿಯ ಕಾಲಿನ ಮುಳ್ಳು ತೆಗೆಯುವಷ್ಟೇ ಜಾಗ್ರತೆಯಿಂದ ಅದನ್ನು ಎಳೆದುಕೊಟ್ಟರು. ಅಂದಿನಿಂದ ಎರಡು ಟ್ಯೂಬು, ಪಂಪು, ಒಂದು ಚಿಮಟ ಇಲ್ಲದೆ ಊರು ಬಿಡುವುದಿಲ್ಲ. ಟೈರು 28 ಮಿ.ಮೀ.ಗಿಂತ ತೆಳ್ಳಗಿರುವುದು ಬೇಡ. 32 ಆದರೆ ಇನ್ನೂ ಒಳ್ಳೆಯದು.

ಚಳಿಗಾಲದಲ್ಲಿ ಗಾಳಿ ತಿರುಗಿ ಪೂರ್ವದಿಂದ ಬೀಸುತ್ತದೆ. ಆಗ ಹೊಸದುರ್ಗದಿಂದ ಹಿರಿಯೂರಿನ ಕಡೆಗೆ ವಾಣಿವಿಲಾಸ ಸಾಗರದವರೆಗೆ ಹೋಗಿಬನ್ನಿ. ವೇದಾವತಿಗೆ ಎರಡು ಗುಡ್ಡಗಳ ನಡುವಿನ ಮಾರಿಕಣಿವೆಯಲ್ಲಿ ಅಡ್ಡಗಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟು ಅದು. 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲಿ. ಆ ವಾರ ಅಲ್ಲಿಗೆ ಜನ ಜಾತ್ರೆಯಂತೆ ಬಂದಿದ್ದರು. ಮಿಕ್ಕ ದಿನಗಳಲ್ಲಿ ಬೆಳಗಿನ ಹೊತ್ತು ತೆಂಗಿನ ತೋಟ, ದಾಳಿಂಬೆ ತೋಟ, ಕುರುಚಲು ಗುಡ್ಡಗಳನ್ನು ನೋಡುತ್ತ ನಿಮ್ಮ ಚೈನಿನ ಸದ್ದನ್ನು ನೀವೇ ಕೇಳಿಕೊಂಡು ಸಾಗಬಹುದು.

ನಕ್ಷೆಯಲ್ಲಿ ಹಸಿರು ಕಂಡಲ್ಲೆಲ್ಲ ನೆಮ್ಮದಿಯಿದೆ ಎಂದುಕೊಳ್ಳಬೇಡಿ. ಭೀಮಸಮುದ್ರದ ಸುತ್ತ ಕೆರೆ, ಅಡಿಕೆ ತೋಟ, ಗುಡ್ಡ ಎಲ್ಲವೂ ಇವೆ, ಅದಿರಿನ ಲಾರಿಗಳೂ ಇವೆ. ಕೆಂಪು ಧೂಳು ಕುಡಿಯುವ ಆಸೆಯಿಲ್ಲದಿದ್ದರೆ ಆ ಕಡೆ ಬೇಡ. ಸುಗ್ಗಿಯ ದಿನಗಳಲ್ಲಿ ಹಳ್ಳಿರಸ್ತೆಯ ಅರ್ಧಭಾಗದಲ್ಲಿ ಮೆಕ್ಕೆಜೋಳ ಹರವಿರುತ್ತಾರೆ. ಅದರ ಕಾಳಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ಅಲ್ಲದೆ ಅದು ಒಬ್ಬರ ವರ್ಷದ ದುಡಿಮೆ; ಇಳಿದು ಪಕ್ಕದಲ್ಲಿ ನಡೆದು ದಾಟಿ. ಕುರಿಮಂದೆ ಎದುರಾದರೂ ಹಾಗೆಯೇ ನಿಂತುಬಿಡಿ, ಬೆಲ್ಲು ಬಾರಿಸಿದರೆ ಕುರಿಗಳು ಚದುರುತ್ತವೆ, ನಾಯಿಗಳು ನಿಮ್ಮ ಕಡೆ ಬರುತ್ತವೆ.

ಮೊದಲ ಭಾನುವಾರಕ್ಕೆ ಇಷ್ಟೆಲ್ಲ ಬೇಡವೆನಿಸಿದರೆ ಕೊಂಡಜ್ಜಿಗೆ ಹೋಗಿಬನ್ನಿ. ಊರಿನಿಂದ ಹದಿನೈದು ಕಿ.ಮೀ. ಒಳಗೇ ಕೆರೆ, ಗುಡ್ಡ, ಕಾಡು ಮೂರೂ ಸಿಗುತ್ತವೆ. ಆರಕ್ಕೆ ಹೊರಟರೆ ಬೆಣ್ಣೆದೋಸೆಯ ಹೊತ್ತಿಗೆ ಮರಳಿರುತ್ತೀರಿ.