ಪಾಲಿಮರ್ ರಿಸೀವರ್‌ನಲ್ಲಿ ಗೆರೆ ಬಿದ್ದಿದ್ದರೆ
ಸ್ಕ್ರೂ ಜಾಸ್ತಿ ಬಿಗಿ ಮಾಡಿದ್ದೇ ಕಾರಣ ಇರಬೇಕು. .22 ರೈಫಲ್‌ನ ಪಾಲಿಮರ್ (ಗಟ್ಟಿ ಪ್ಲಾಸ್ಟಿಕ್) ರಿಸೀವರ್‌ನಲ್ಲಿ, ಅಂದರೆ ಒಳಗಿನ ಯಂತ್ರಭಾಗ ಕೂರುವ ಕೋವಿಯ ನಡುಭಾಗದಲ್ಲಿ, ಸ್ಕ್ರೂ ಪಕ್ಕ ಕೂದಲೆಳೆಯಂಥ ಗೆರೆ ಬಿದ್ದಿದೆ, ಲೋಹದ್ದೇ ತಗೊಳ್ಳಬೇಕಿತ್ತಾ ಅಂದಿದ್ದೀರಿ. ನನ್ನದಕ್ಕೂ ಹೀಗೇ ಆಗಿತ್ತು.

ಮೊದಲು ಮ್ಯಾಗಜೀನ್ ತೆಗೆದು, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯಾ ಅಂತ ನೋಡಿ, ಬೆರಳಿಟ್ಟೂ ಮುಟ್ಟಿ ನೋಡಿ. ಆಮೇಲೆ ಎಣ್ಣೆ ಒರೆಸಿ, ಗೆರೆಗೆ ಅಡ್ಡಲಾಗಿ ಉಗುರು ಎಳೆಯಿರಿ. ಸಿಕ್ಕಿಕೊಂಡರೆ ಬಿರುಕು ಅಂತಲೇ ತಿಳಿಯಿರಿ. ಬರೀ ಗೀರಿಗೂ ಸಿಕ್ಕಬಹುದು, ಆದರೆ ಖಚಿತವಾಗುವ ತನಕ ಗುಂಡು ಹಾರಿಸಬೇಡಿ, ಕೊಡಗಿನ ಕೈಲ್ ಮುಹೂರ್ತ ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಾಳೆಯೇ ಇದ್ದರೂ ಸರಿ. ಅಂಟು ಹಾಕಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸಿ.

ದುಡ್ಡು ದಂಡ ಅಂದುಕೊಳ್ಳಬೇಡಿ. 1959ರಲ್ಲಿ ಬಂದ ರೆಮಿಂಗ್ಟನ್ ನೈಲಾನ್ 66 ರೈಫಲ್‌ನ ಬಾಡಿ ನೈಲಾನ್‌ನದ್ದೇ, ಅದೂ ಒಂದು ಪಾಲಿಮರ್; 10 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ನಮ್ಮ ಮಳೆಗಾಲಕ್ಕೆ ಪಾಲಿಮರ್ ತುಕ್ಕು ಹಿಡಿಯಲ್ಲ. ನಳಿಗೆ, ಬೋಲ್ಟ್ (ಚೇಂಬರ್‌ನ ಹಿಂಬದಿ ಮುಚ್ಚುವ ಲೋಹದ ಭಾಗ) ತುಕ್ಕು ಹಿಡಿಯುತ್ತವೆ, ಅವಕ್ಕೆ ಎಣ್ಣೆ ತಪ್ಪಿಸಬೇಡಿ.